ಎಷ್ಟೊತ್ತು ನಿಲ್ಲಿಸತಕ್ಕದ್ದು?

ಮಾನ್ಯ ಅಧೀಕ್ಷಕರೇ,

‘ಮಾನ್ಯ’ ಎಂದು ಬರೆದದ್ದು ರೂಢಿಗಾಗಿ. ಅದನ್ನು ಓದಿ ತಾವು ಉಬ್ಬಬೇಕಾಗಿಲ್ಲ. ತಮ್ಮ ದೊಡ್ಡಾಸ್ಪತ್ರೆಯ ಅಣು ವೈದ್ಯಕೀಯ ವಿಭಾಗದಲ್ಲಿ ಶ್ವಾಸಕೋಶದ ಸ್ಕ್ಯಾನ್ ಮಾಡಿಸಿಕೊಂಡವರ ಕೈಗೆ ಒಂದು ಹಾಳೆ ಕೊಡುತ್ತೀರಿ. ಆ ಹಾಳೆಯ ಕೊನೆಯಲ್ಲಿ ಇರಬೇಕಾದ ಒಂದು ಸಾಲು ಇಲ್ಲ. ಅದು ಇಲ್ಲದ ಕಾರಣಕ್ಕೆ ನನ್ನ ಮಗಳ ಎದೆಹಾಲು ಬತ್ತಿಹೋಯಿತು. ತಿಂಗಳೂ ತುಂಬದ ನನ್ನ ಮೊಮ್ಮಗಳಿಗೆ ತಾಯಿಹಾಲು ತಪ್ಪಿಹೋಯಿತು. ನನ್ನ ದೂರು ಇಷ್ಟೇ. ಇದನ್ನು ಮೊದಲು ಲಕೋಟೆಯಲ್ಲಿ ಹಾಕಿ ಕಳಿಸಿದೆ, ಆಮೇಲೆ ತಮ್ಮ ಕೋಣೆಗೇ ಬಂದು ಹೇಳಿದೆ. ಎರಡೂ ತಮ್ಮ ತಲೆಗೆ ಹೋಗದ್ದರಿಂದ ಈಗ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ. ಅದನ್ನು ತಾವು ಅಂದು ನನಗೆ ಮೂರು ಸಲ ನೆನಪಿಸಿದಿರಿ. ಅಡುಗೆಮನೆಯ ಸಾಮಾನು ತಯಾರಿಸುವ ಕಾರ್ಖಾನೆಯೊಂದರಲ್ಲಿ, ಸಾಮಾನಿನ ಜೊತೆ ಪೆಟ್ಟಿಗೆಯೊಳಗೆ ಇಡುವ ಪುಸ್ತಿಕೆಗಳನ್ನು ಬರೆಯುವುದು ನನ್ನ ಕೆಲಸ. ಕುಕ್ಕರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೀಸರು, ಯಾವುದನ್ನು ಹೇಗೆ ಬಳಸಬೇಕು, ಯಾವಾಗ ಮುಟ್ಟಬಾರದು ಎಂಬ ಆ ಪುಸ್ತಿಕೆ. ತಾವು ಅದನ್ನು ಓದದೆ ಕಸದ ಬುಟ್ಟಿಗೆ ಹಾಕಿರುತ್ತೀರಿ, ಅದರ ಬಗ್ಗೆ ನನಗೆ ಬೇಸರವಿಲ್ಲ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ವಿಭಾಗದ ಮುಖ್ಯಸ್ಥೆಯಾಗಿದ್ದವರಿಗೆ ನಾವೆಲ್ಲ ಬೆನ್ನ ಹಿಂದೆ ಇಟ್ಟಿದ್ದ ಹೆಸರು ‘ಎಷ್ಟೊತ್ತಕ್ಕ’. ಬರೆದದ್ದನ್ನು ನಮ್ಮಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದರು. ‘ಬೇಡಿ’, ‘ಬಾರದು’ ಎಂದು ಬಂದ ಕಡೆಯೆಲ್ಲ ಮೇಜು ಕುಟ್ಟುತ್ತಿದ್ದರು.

“ಮುಚ್ಚಳ ತೆಗೆಯಬೇಡಿ.”

“ಎಷ್ಟೊತ್ತು?”

“ತಂತಿಯನ್ನು ಮುಟ್ಟಬೇಡಿ.”

“ಎಷ್ಟೊತ್ತು? ಜೀವಮಾನ ಪೂರ್ತಿನಾ?”

ಒಮ್ಮೆ ನಾನು ಗೊಣಗಿದೆ: “ಓದೋರಿಗೆ ಅಷ್ಟು ಗೊತ್ತಾಗುತ್ತೆ ಬಿಡಿ ಮೇಡಂ.” ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಗೊತ್ತಿರೋರು ನಿನ್ನ ಪುಸ್ತಕ ಯಾಕಪ್ಪ ಓದ್ತಾರೆ? ಮುಚ್ಚಳ ತೆಗೀಬೇಡಿ ಅಂತಷ್ಟೇ ಬರೆದು ಕೈ ತೊಳಕೊಂಡ್ರೆ, ಒಳಗಿನ ಅಡುಗೆ ಯಾರ ಹೊಟ್ಟೆಗೂ ಹೋಗಲ್ಲ.” ಅಂದಿನಿಂದ ಇಂದಿನವರೆಗೆ ನನ್ನ ಪುಸ್ತಿಕೆಯಲ್ಲಿ ಅವಧಿಯಿಲ್ಲದ ಒಂದೇ ಒಂದು ನಿಷೇಧವೂ ಅಚ್ಚಾಗಿಲ್ಲ. ಕುಕ್ಕರು ಕೊಂಡವರಿಗೆ ನಾವು ಕೊಡುವ ಮರ್ಯಾದೆಯನ್ನು ಹೆತ್ತ ತಾಯಿಗೆ ಕೊಡಲು ತಮ್ಮ ಆಸ್ಪತ್ರೆಗೆ ಆಗಲಿಲ್ಲ ಎಂಬುದು ನನ್ನ ಹೊಟ್ಟೆಯುರಿ.

ನಡೆದದ್ದನ್ನು ಹೇಳುತ್ತೇನೆ. ಹೆರಿಗೆಯಾಗಿ ಮನೆಗೆ ಬಂದ ಮಗಳು ಒಂದು ಬೆಳಿಗ್ಗೆ ಮಗುವಿನ ಬಟ್ಟೆ ಒಣಹಾಕಲು ಮಹಡಿ ಹತ್ತಿ ಅರ್ಧಕ್ಕೇ ಕೂತುಬಿಟ್ಟಳು. ಏದುಸಿರು, ಎದೆಯ ಪಕ್ಕದಲ್ಲಿ ಚುಚ್ಚಿದ ಹಾಗೆ ನೋವು. ತಮ್ಮ ಆಸ್ಪತ್ರೆಯ ಎದೆರೋಗದ ಡಾಕ್ಟರಮ್ಮ ನೋಡಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಹೆರಿಗೆಯಾದವರಿಗೆ ಹೀಗಾಗುವುದುಂಟು, ಇವತ್ತೇ ಸ್ಕ್ಯಾನ್ ಆಗಬೇಕು ಎಂದರು. ನಾನು ಆಗ ಹೊಸ ಗೀಸರಿನ ಪುಸ್ತಿಕೆಗಾಗಿ ಬೇರೆ ಊರಿನ ಕಾರ್ಖಾನೆಯಲ್ಲಿದ್ದೆ. ಜೊತೆಗೆ ಹೋದವರು ನನ್ನ ಹೆಂಡತಿ ಮತ್ತು ಮಗಳ ಅತ್ತೆ. ಮಗುವನ್ನು ಮನೆಯಲ್ಲಿ ಅಳಿಯ ನೋಡಿಕೊಳ್ಳುತ್ತಿದ್ದ.

ತಮ್ಮ ಅಣು ವಿಭಾಗದ ಬಾಗಿಲಿನ ಮೇಲೆ ಹಳದಿ ಬಣ್ಣದಲ್ಲಿ ಮೂರು ರೆಕ್ಕೆಯ ಒಂದು ಚಿಹ್ನೆ ಇದೆ, ವಿಕಿರಣದ ಎಚ್ಚರಿಕೆಯದು. ಬೀಗಿತ್ತಿ ಅದನ್ನು ನೋಡಿ, “ಒಳಗೆ ಫ್ಯಾನಿದೆ ಕಣಮ್ಮ, ಸೆಕೆ ಆಗಲ್ಲ ಬಿಡು,” ಎಂದು ಸೊಸೆಗೆ ಧೈರ್ಯ ಹೇಳಿದರಂತೆ. ನಗಬೇಡಿ. ಆ ಚಿಹ್ನೆಯ ಕೆಳಗೆ ಅದೇನೆಂದು ಒಂದು ಸಾಲು ಬರೆಸಲು ತಮಗೆ ಇಷ್ಟು ವರ್ಷ ಪುರುಸೊತ್ತಾಗಲಿಲ್ಲ. ಅವರು ತಮಗೆ ತಿಳಿದ ಮಟ್ಟಿಗೆ ಓದಿಕೊಂಡರು. ಒಳಗೆ ನಡೆದದ್ದೂ ಅಷ್ಟೇ ಚೆಂದ. ಮಗಳ ಮುಖಕ್ಕೆ ಮುಖವಾಡ ಹಾಕಿದರು. ಅದು ಮಂಪರಿನ ಮದ್ದು ಎಂದುಕೊಂಡ ಅವಳು, ನಿದ್ದೆ ಹೋದರೆ ಎದೆಹಾಲು ಸೋರಿ ಬಟ್ಟೆ ನೆನೆಯುತ್ತದಲ್ಲ ಎಂದು ನಾಚಿಕೊಂಡು ಉಸಿರು ಹಿಡಿದಳು. ತಮ್ಮ ತಂತ್ರಜ್ಞ “ಉಸಿರಾಡ್ರೀ, ಸುಮ್ನೆ ಉಸಿರಾಡ್ರೀ!” ಎಂದು ಗದರಿದ. ಯಾಕೆ ಉಸಿರಾಡಬೇಕು ಎಂದು ಹೇಳಲಿಲ್ಲ. ಆಮೇಲೆ ತೋಳಿಗೆ ಒಂದು ಸೂಜಿ. “ಕೈ ಮೇಲೆತ್ತಿ. ಅಲ್ಲಾಡಬೇಡಿ,” ಎಂದವನೇ ಗಾಜಿನ ಗೋಡೆಯ ಆಚೆ ಹೋಗಿ ಬಾಗಿಲು ಹಾಕಿಕೊಂಡ. “ಅವರಿಗೇ ಹೆದರಿಕೆ ಆಗೋ ಅಂಥದ್ದನ್ನ ನನ್ನ ಮೈಯೊಳಗೆ ಹಾಕಿ ಓಡಿಹೋದ್ರಲ್ಲಪ್ಪಾ ಅನ್ನಿಸ್ತು,” ಎಂದು ಮಗಳು ಆಮೇಲೆ ನನಗೆ ಹೇಳಿದಳು. ಎದೆಯ ಮೇಲೆ ದೊಡ್ಡ ಕ್ಯಾಮೆರಾ ಇಳಿದು ನಿಂತಾಗ ಅವಳು ಮಗುವಿನ ಮುಖ ನೆನೆಸಿಕೊಂಡು ಕಣ್ಣು ಮುಚ್ಚಿಕೊಂಡಳಂತೆ.

ಸ್ಕ್ಯಾನಿನ ಮೇಲೆ ನನಗೆ ಕೋಪವಿಲ್ಲ; ಇದನ್ನು ದೊಡ್ಡ ಅಕ್ಷರದಲ್ಲಿ ಓದಿಕೊಳ್ಳಿ. ಅದು ಹೆಪ್ಪನ್ನು ತೋರಿಸಿತು, ಮದ್ದು ಶುರುವಾಯಿತು, ನನ್ನ ಮಗಳು ಬದುಕಿದಳು. ಯಂತ್ರ ತನ್ನ ಕೆಲಸ ಮಾಡಿತು, ಡಾಕ್ಟರಮ್ಮ ತಮ್ಮ ಕೆಲಸ ಮಾಡಿದರು. ಕೆಲಸ ಮಾಡದೆ ಉಳಿದದ್ದು ಆ ಹಾಳೆ ಒಂದೇ, ಮತ್ತು ಅದರ ಯಜಮಾನರಾದ ತಾವು.

ಹೊರಗೆ ಬಂದ ಮಗಳು ಕೇಳಿದ ಮೊದಲ ಪ್ರಶ್ನೆ, “ಮಗೂನ ಎತ್ಕೋಬಹುದಾ?” ತಂತ್ರಜ್ಞನ ಉತ್ತರ, “ಎಲ್ಲಾ ಹಾಳೇಲಿದೆ ಮೇಡಂ.” ಹಾಳೆಯಲ್ಲಿ ಏನಿತ್ತು? ಮೇಲುಗಡೆ ಆಸ್ಪತ್ರೆಯ ಲಾಂಛನ, ವಿಭಾಗದ ಹೆಸರು, ರೋಗಿಗಳು ಸಹಕರಿಸಬೇಕೆಂಬ ಆಜ್ಞೆ, ಆಭರಣ ಕಳೆದರೆ ಆಸ್ಪತ್ರೆ ಜವಾಬ್ದಾರಿಯಲ್ಲ ಎಂಬ ಎಚ್ಚರಿಕೆ. ಎಲ್ಲಕ್ಕಿಂತ ಕೆಳಗೆ, ಕಾಗದದ ಅಂಚಿಗೆ ಅಂಟಿಕೊಂಡ ಹಾಗೆ: ‘ಎದೆಹಾಲುಣಿಸುವ ತಾಯಂದಿರು ಮಗುವಿಗೆ ಹಾಲುಣಿಸುವುದನ್ನು ನಿಲ್ಲಿಸತಕ್ಕದ್ದು’. ಅಷ್ಟೇ. ಅಲ್ಲಿಗೆ ಹಾಳೆ ಮುಗಿಯಿತು.

ನಿಲ್ಲಿಸಿದಳು. ಮತ್ತೇನು ಮಾಡಬೇಕಿತ್ತು? ವಾರ್ಡಿನಲ್ಲಿ ನರ್ಸನ್ನು ಕೇಳಿದರೆ, “ಅಣು ವಿಭಾಗದವ್ರು ಹೇಳಿದ್ದನ್ನ ನಾವು ಬದಲಾಯಿಸೋ ಹಾಗಿಲ್ಲ,” ಎಂದರು. ಮನೆಗೆ ಹೋದ ಮೇಲೆ ನನ್ನ ಹೆಂಡತಿ ವಿಭಾಗಕ್ಕೇ ಫೋನ್ ಮಾಡಿದಳು.

“ಹಾಲು ಯಾವಾಗಿಂದ ಕೊಡಬಹುದು?”

“ಹಾಳೆ ಕೊಟ್ಟಿಲ್ವಾ?”

“ಕೊಟ್ಟಿದ್ದಾರೆ. ನಿಲ್ಲಿಸ್ಬೇಕು ಅಂತಿದೆ.”

“ಮತ್ತೆ? ಹಾಳೇಲಿ ಇರೋ ಹಾಗೆ ಮಾಡಿ.”

ಫೋನ್ ಇಟ್ಟರು. ಇದಕ್ಕಿಂತ ಸ್ಪಷ್ಟವಾಗಿ ಇನ್ನು ಯಾರು ಹೇಳಬೇಕು? ಕಾರ್ಖಾನೆಯ ಊರಿಂದ ನಾನು ಫೋನ್ ಮಾಡಿದಾಗ ಹೆಂಡತಿ “ಡಾಕ್ಟ್ರು ಹಾಲು ನಿಲ್ಲಿಸೋಕೆ ಹೇಳಿದ್ದಾರೆ” ಎಂದಳು. ಮದ್ದಿನ ದೆಸೆಯಿಂದ ಇರಬೇಕು ಎಂದುಕೊಂಡು ನಾನೂ ಸುಮ್ಮನಾದೆ.

ಇನ್ನು ಮುಂದಿನದನ್ನು ಅಪ್ಪನಾದವನು ಬರೆಯಬಾರದು ಎಂದು ನನ್ನ ಹೆಂಡತಿ ತಡೆದಳು. “ಬರೀಲಿ ಬಿಡಮ್ಮ, ಅವರಿಗೆ ಅಷ್ಟಾದ್ರೂ ಗೊತ್ತಾಗ್ಲಿ,” ಎಂದವಳು ಮಗಳೇ. ಹಾಲು ಕಟ್ಟಿಕೊಂಡು ಎದೆ ಕಲ್ಲಾಯಿತು, ಜ್ವರ ಬಂತು. ಪಕ್ಕದ ಕೋಣೆಯಲ್ಲಿ ಮಗು ಅತ್ತರೆ ಇಲ್ಲಿ ಇವಳ ರವಿಕೆ ನೆನೆಯುತ್ತಿತ್ತು. ಮಗುವಿಗೆ ವಿಷವಾಗುವ ಹಾಲು ಇದು ಎಂದು ಹಾಳೆ ಹೇಳಿದ ಮೇಲೆ ಅದನ್ನು ಉಳಿಸಿಕೊಂಡು ಏನು ಮಾಡುವುದು? ಬೀಗಿತ್ತಿಗೆ ಗೊತ್ತಿದ್ದ ಉಪಾಯ, ಎದೆಗೆ ಬಿಗಿಯಾಗಿ ಬಟ್ಟೆ ಸುತ್ತುವುದು, ಸುತ್ತಿದರು. ಬಾಟಲಿ ಕುದಿಸಿ, ಪುಡಿಹಾಲು ಕಲಸಿ, ಮೊಮ್ಮಗಳಿಗೆ ಕೊಟ್ಟವರೂ ಅವರೇ. ಹೊತ್ತು ಹೊತ್ತಿಗೆ ಚಾಚೂ ತಪ್ಪದೆ ಕೊಟ್ಟರು. ತಮ್ಮ ಆಸ್ಪತ್ರೆಯ ಮಾತನ್ನು ಅಷ್ಟು ಶ್ರದ್ಧೆಯಿಂದ ಪಾಲಿಸಿದವರು ತಮ್ಮ ಆಸ್ಪತ್ರೆಯೊಳಗೂ ಸಿಗಲಿಕ್ಕಿಲ್ಲ. ಮೆಲ್ಲಗೆ ನೋವು ಇಳಿಯಿತು, ಹಾಲೂ ನಿಂತಿತು.

ತಿಂಗಳಾದ ಮೇಲೆ ಡಾಕ್ಟರಮ್ಮನ ಬಳಿ ಮತ್ತೆ ತೋರಿಸಲು ಹೋದರು. ಮದ್ದಿನ ಚೀಟಿ ಬರೆಯುತ್ತಾ ಅವರು ಕೇಳಿದರು, “ಹಾಲು ಕೊಡ್ತಾ ಇದ್ದೀಯಲ್ಲ? ಈ ಮದ್ದಿಗೆ ಏನೂ ತೊಂದರೆ ಇಲ್ಲ.”

“ಇಲ್ಲ ಡಾಕ್ಟ್ರೇ, ನಿಲ್ಲಿಸಿಬಿಟ್ಟೆ.”

“ಯಾಕೆ?”

“ಸ್ಕ್ಯಾನ್ ಆಯ್ತಲ್ಲ.”

“ಅದು ಮಾರನೇ ದಿನದ ತನಕ ಅಲ್ವೇನಮ್ಮ?”

ಮಗಳು ಮೊದಲು ನಕ್ಕಳಂತೆ. ಡಾಕ್ಟರಮ್ಮ ತಮಾಷೆ ಮಾಡುತ್ತಿದ್ದಾರೆ ಎಂದೇ ತಿಳಿದಳು. ಆಮೇಲೆ ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಅದನ್ನು ಓದಿ, ಹಿಂದೆ ಏನಾದರೂ ಇದೆಯೇ ಎಂದು ತಿರುಗಿಸಿ ನೋಡಿದರು. ಬೀಗಿತ್ತಿ, “ನಾನೇ ಬಾಟ್ಲಿ ಕುದಿಸಿ ಕೊಟ್ಟೆನಲ್ಲಾ, ನಾನೇ ಕಟ್ಟಿದೆನಲ್ಲಾ,” ಎಂದು ಮನೆಗೆ ಬರುವ ತನಕ ಹೇಳುತ್ತಲೇ ಇದ್ದರು. ಇವತ್ತಿಗೂ ಅವರು ಸೊಸೆಯ ಮುಖ ನೋಡಿ ಮಾತಾಡುವುದು ಕಡಿಮೆ. ಡಾಕ್ಟರಮ್ಮ ಹೇಳಿದಂತೆ ಮಗುವನ್ನು ಮತ್ತೆ ಎದೆಗೆ ಹಾಕಿಕೊಂಡು ನೋಡಿದೆವು. ನಾಲ್ಕು ಹನಿ ಬಂತೋ ಇಲ್ಲವೋ. ಮಗು ಮುಖ ತಿರುಗಿಸಿ ಬಾಟಲಿಗಾಗಿ ಅತ್ತಿತು. ಮಗಳು ಇನ್ನು ಸಾಕು ಎಂದಳು.

ಇಷ್ಟಾದ ಮೇಲೆ ನಾನು ತಮ್ಮ ಕೋಣೆಗೆ ಬಂದೆ. ತಮಗೆ ನೆನಪಿರಬಹುದು, ಕೂರಲು ಹೇಳದೇ ಇದ್ದದ್ದರಿಂದ ನನಗಂತೂ ಚೆನ್ನಾಗಿ ನೆನಪಿದೆ. ತಾವು ಗುಮಾಸ್ತರನ್ನು ಕರೆಸಿದಿರಿ, ಅವರು ಬೀಗದ ಕೈ ಹುಡುಕಿದರು, ಗಾಜಿನ ಬೀರುವಿನಿಂದ ಪ್ಲಾಸ್ಟಿಕ್ ಹೊದಿಸಿದ ಮೂಲ ಪ್ರತಿ ಹೊರಬಂತು. ಹಳೆಯ ಕಾಲದ ಉದ್ದ ಹಾಳೆ. ತಾವು ಗೆದ್ದವರ ಹಾಗೆ ಅದರ ಕೆಳತುದಿಗೆ ಬೆರಳಿಟ್ಟು, “ನೋಡಿ ಯಜಮಾನ್ರೇ, ಬರೆದಿಲ್ಲ ಅಂದ್ರಲ್ಲ, ಇಲ್ಲೇ ಇದೆ!” ಎಂದಿರಿ. ಇತ್ತು. ‘ನಿಲ್ಲಿಸತಕ್ಕದ್ದು’ ಎಂಬುದರ ಕೆಳಗೆ, ಆವರಣದೊಳಗೆ: ‘ಮುಂದಿನ ಹನ್ನೆರಡು ಗಂಟೆಗಳ ಅವಧಿಗೆ ಮಾತ್ರ, ಈ ನಡುವೆ ಹಾಲನ್ನು ಹಿಂಡಿ ಚೆಲ್ಲುವುದು, ತದನಂತರ ಎಂದಿನಂತೆ ಉಣಿಸಬಹುದು’. ನಾನು ಮಗಳ ಹಾಳೆಯನ್ನು ಅದರ ಮೇಲಿಟ್ಟೆ. ಮೇಲುಗಡೆ ಅಂಚಿಗೆ ಅಂಚು ಸರಿಹೋಯಿತು. ಕೆಳಗೆ ಮೂಲ ಪ್ರತಿ ನಾಲ್ಕು ಬೆರಳಷ್ಟು ಹೊರಗೆ ಉಳಿಯಿತು. ನನ್ನ ಮೊಮ್ಮಗಳ ಹಾಲು ಆ ನಾಲ್ಕು ಬೆರಳಿನಲ್ಲಿತ್ತು.

“ಉದ್ದ ಹಾಳೆ ಬರೋದು ನಿಂತು ಬಹಳ ವರ್ಷ ಆಯ್ತು ಸಾರ್, ಈಗೆಲ್ಲಾ ಗಿಡ್ಡ ಹಾಳೇನೇ,” ಎಂದರು ಗುಮಾಸ್ತರು. “ಹಂಗಾದ್ರೆ ತಪ್ಪು ಕಾಪಿ ಮೆಷಿನ್ನಿಂದು,” ಎಂದಿರಿ ತಾವು. ಆ ಯಂತ್ರಕ್ಕೆ ನೋಟಿಸು ಕೊಟ್ಟಿರಾ? ವಿಚಾರಣೆ ಮುಗಿಯುವ ತನಕ ಅಮಾನತಿನಲ್ಲಿ ಇಟ್ಟಿದ್ದೀರಾ? ಮೂಲ ಪ್ರತಿ ಸರಿಯಾಗಿದೆ ಎಂದು ಎದೆಯುಬ್ಬಿಸುವವರೇ, ಬೀರುವಿನೊಳಗಿನ ಆ ಹಾಳೆಯನ್ನು ಓದುವವರು ಯಾರು? ಹೆತ್ತ ತಾಯಂದಿರು ಗುಮಾಸ್ತರ ಬೀಗದ ಕೈ ಇಸಿದುಕೊಂಡು ಬಂದು ಓದಬೇಕೇ?

ತಮ್ಮ ತಪ್ಪು ಯಂತ್ರಕ್ಕಿಂತ ಹಳೆಯದು, ಅದನ್ನು ನನ್ನ ವೃತ್ತಿಯವನೇ ಹೇಳಬೇಕು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬಂದರೆ ಮಾತು ಮುಗಿಯಿತು. ಬಾಗಿಲು ಹಾಕಿಕೊಂಡ ಹಾಗೆ. ಅದರ ನಂತರ ಯಾರೂ ಏನನ್ನೂ ಕಾಯುವುದಿಲ್ಲ. ಎಷ್ಟು ಹೊತ್ತು, ಯಾವಾಗ, ಎಲ್ಲಿ ಎಂಬುದೆಲ್ಲ ಅದಕ್ಕೆ ಮೊದಲೇ ಬರಬೇಕು, ಮನೆಯಲ್ಲಿ ಮಾತಾಡುವಾಗ ತಾವೂ ಹಾಗೆಯೇ ಮಾತಾಡುತ್ತೀರಿ. ‘ಮುಂದಿನ ಹನ್ನೆರಡು ಗಂಟೆ ಮಗುವಿಗೆ ಹಾಲು ಕೊಡಬೇಡಿ’ ಎಂದು ಯಾರಾದರೂ ನೆಟ್ಟಗೆ ಬರೆದಿದ್ದರೆ, ಯಂತ್ರ ಎಲ್ಲೇ ಕತ್ತರಿಸಿದರೂ ಮಾತು ಅರ್ಧಕ್ಕೆ ನಿಂತಿದೆ ಎಂದು ಓದಿದವಳಿಗೆ ತಿಳಿಯುತ್ತಿತ್ತು. ‘ಮುಂದಿನ ಹನ್ನೆರಡು ಗಂಟೆ’ ಎಂಬಷ್ಟೇ ಉಳಿದಿದ್ದರೂ ಅವಳು ಬಂದು ಕೇಳುತ್ತಿದ್ದಳು. ತಾವು ಯಾವುದೋ ಪರಭಾಷೆಯ ಹಾಳೆಯನ್ನು ಎದುರಿಗಿಟ್ಟುಕೊಂಡು, ಬಾಗಿಲು ಹಾಕಿದ ಮೇಲೆ ಅವಧಿಯನ್ನು ಹೊಸ್ತಿಲಾಚೆ ನಿಲ್ಲಿಸಿದಿರಿ. ಯಂತ್ರ ಅದನ್ನು ಗುಡಿಸಿಹಾಕಿತು. ಉಳಿದದ್ದು ವ್ಯಾಕರಣದ ಪ್ರಕಾರ ಒಂದು ಕೊರತೆಯೂ ಇಲ್ಲದ, ಸಂಪೂರ್ಣವಾದ, ಕೊನೆಯೇ ಇಲ್ಲದ ಆಜ್ಞೆ.

ಆಮೇಲೆ ತಮ್ಮ ಉತ್ತರ ಬಂತು: ‘ತಮ್ಮ ದೂರನ್ನು ಪರಿಶೀಲಿಸಲಾಗಿ, ಮೂಲ ಪ್ರತಿಯಲ್ಲಿ ಅವಧಿಯು ಸ್ಪಷ್ಟವಾಗಿ ನಮೂದಾಗಿರುವುದು ಕಂಡುಬಂದಿದ್ದು, ಸದರಿ ದೂರನ್ನು ಮುಕ್ತಾಯಗೊಳಿಸಲಾಗಿದೆ’. ಪರಿಶೀಲಿಸಿದವರು ಯಾರು? ಕಂಡುಬಂದದ್ದು ಯಾರಿಗೆ? ಮುಕ್ತಾಯಗೊಳಿಸಿದ ಪುಣ್ಯಾತ್ಮ ಯಾರು? ತಮ್ಮ ಕಚೇರಿಯ ವಾಕ್ಯಗಳಲ್ಲಿ ಕೆಲಸಗಳು ತಾವಾಗಿಯೇ ಆಗುತ್ತವೆ, ಮಾಡಿದವರು ಒಬ್ಬರೂ ಇರುವುದಿಲ್ಲ. ನನ್ನ ಮಗಳ ಹಾಲನ್ನೂ ಹಾಗೆಯೇ ‘ನಿಲ್ಲಿಸಲಾಗಿದೆ’. ದೂರಿಗೆ ಒಂದು ಮುಕ್ತಾಯ ಉಂಟು ಎಂದು ಬರೆಯಲು ತಮಗೆ ಗೊತ್ತು. ನಿಷೇಧಕ್ಕೆ ಒಂದು ಮುಕ್ತಾಯ ಉಂಟು ಎಂದು ಬರೆಯಲು ಮಾತ್ರ ಗೊತ್ತಾಗಲಿಲ್ಲ.

ಅಂದು ತಾವು ಇನ್ನೂ ಎರಡು ಮಾತು ಹೇಳಿದಿರಿ. ಒಂದು, ಬಾಟಲಿ ಹಾಲು ಕುಡಿದ ಮಕ್ಕಳೂ ಚೆನ್ನಾಗಿ ಬೆಳೆಯುತ್ತವೆ. ನಿಜ, ನನ್ನ ಮೊಮ್ಮಗಳೂ ಬೆಳೆಯುತ್ತಿದ್ದಾಳೆ, ಗುಂಡು ಗುಂಡಾಗಿ. ಕೊಡಲಾಗದ ತಾಯಂದಿರಿದ್ದಾರೆ, ಕೊಡಲು ಇಷ್ಟವಿಲ್ಲದವರಿದ್ದಾರೆ, ಅದು ಅವರವರ ವಿಷಯ. ನನ್ನ ಮಗಳಿಗೆ ಕೊಡಲು ಆಗುತ್ತಿತ್ತು, ಇಷ್ಟವೂ ಇತ್ತು. ಅವಳ ಪರವಾಗಿ ತೀರ್ಮಾನಿಸಿದ್ದು ಕಾಗದದ ಅಳತೆ. ಎರಡು, ಇಷ್ಟು ವರ್ಷದಲ್ಲಿ ಯಾರೂ ದೂರು ಕೊಟ್ಟಿಲ್ಲ. ಹೇಗೆ ಕೊಡುತ್ತಾರೆ ಸ್ವಾಮಿ? ತಮ್ಮ ಮಾತನ್ನು ನಂಬಿ ನಿಲ್ಲಿಸಿದವಳಿಗೆ ತನಗೆ ಅನ್ಯಾಯವಾಗಿದೆ ಎಂದು ತಿಳಿಯುವುದು ಹೇಗೆ? ‘ಪಾಪ, ಸ್ಕ್ಯಾನ್ ಆಯ್ತಲ್ಲ, ಅದಕ್ಕೇ ಹಾಲು ಬಿಡಿಸ್ಬೇಕಾಯ್ತು’ ಎಂದು ನೆಂಟರಿಗೆ ಹೇಳಿಕೊಂಡು ಎಷ್ಟು ಜನ ಸುಮ್ಮನಿದ್ದಾರೋ. ತಮ್ಮ ಹೆಸರು ಉಳಿದಿರುವುದು ಅವರ ನಂಬಿಕೆಯಿಂದ.

ಡಾಕ್ಟರಮ್ಮನ ಬಳಿ ಕೂತು, ಕೇಳಿ, ನಾನೇ ಒಂದು ಹಾಳೆ ಬರೆದಿದ್ದೇನೆ. ಅವರು ಓದಿ ತಿದ್ದಿದ್ದಾರೆ. ಸ್ಕ್ಯಾನಿಗೆ ಮೊದಲೇ ಕೈಗೆ ಕೊಡಬೇಕಾದ ಹಾಳೆ ಇದು. ಗಿಡ್ಡ ಹಾಳೆಯಲ್ಲೇ ಹಿಡಿಸುತ್ತದೆ, ತಮ್ಮ ಯಂತ್ರಕ್ಕೆ ತೊಂದರೆಯಿಲ್ಲ. ಅದು ಹೀಗಿದೆ:

“ಸ್ಕ್ಯಾನ್ ಆದ ಮೇಲೆ ಹನ್ನೆರಡು ಗಂಟೆ ಮಾತ್ರ ನಿಮ್ಮ ಎದೆಹಾಲನ್ನು ಹಿಂಡಿ ಚೆಲ್ಲಿ, ಅದು ಕಳೆದ ಮೇಲೆ ಮಗುವಿಗೆ ಎಂದಿನಂತೆ ಕುಡಿಸಿ. ಹಾಲುಣಿಸುತ್ತಿದ್ದರೆ, ಬಸುರಿಯಾಗಿದ್ದರೆ, ಆಗಿರಬಹುದು ಎಂಬ ಅನುಮಾನವಿದ್ದರೂ, ಸ್ಕ್ಯಾನಿಗೆ ಮೊದಲೇ ನಮಗೆ ಹೇಳಿ. ನಿಮ್ಮ ಶ್ವಾಸಕೋಶದ ಎರಡು ಬಗೆಯ ಚಿತ್ರ ತೆಗೆಯುತ್ತೇವೆ: ಉಸಿರಿನ ಗಾಳಿ ಎಲ್ಲೆಲ್ಲಿ ತಲುಪುತ್ತದೆ, ರಕ್ತ ಎಲ್ಲೆಲ್ಲಿ ತಲುಪುತ್ತದೆ. ಗಾಳಿ ಹೋಗುವ ಜಾಗಕ್ಕೆ ರಕ್ತ ಹೋಗದಿದ್ದರೆ ಅಲ್ಲಿ ಹೆಪ್ಪು ಅಡ್ಡ ನಿಂತಿರಬಹುದು. ಮುಖವಾಡದಲ್ಲಿ ಬರುವುದು ಮಂಪರಿನ ಮದ್ದಲ್ಲ. ನಿದ್ದೆ ಬರುವುದಿಲ್ಲ, ಹೇಳಿದ ಹಾಗೆ ಉಸಿರಾಡಿ. ಆಮೇಲೆ ತೋಳಿಗೆ ಒಂದು ಸೂಜಿ. ಅದರ ನೋವು ಚುಚ್ಚುವಾಗ ಮಾತ್ರ. ಕ್ಯಾಮೆರಾ ಎದೆಯ ಹತ್ತಿರಕ್ಕೆ ಬರುತ್ತದೆ, ಅದರಿಂದ ನಿಮ್ಮ ಮೇಲೆ ಯಾವ ಕಿರಣವೂ ಬೀಳುವುದಿಲ್ಲ. ನಿಮ್ಮೊಳಗೆ ಹೋದ ಮದ್ದಿನಿಂದ ಹೊರಡುವ ಸ್ವಲ್ಪ ಕಿರಣವನ್ನು ಅದು ನೋಡುತ್ತದೆ. ಚಿತ್ರ ತೆಗೆಯುವಷ್ಟು ಹೊತ್ತು ಅಲ್ಲಾಡಬೇಡಿ. ಮುಗಿದ ಕೂಡಲೇ ಹೇಳುತ್ತೇವೆ. ನಾವು ಗಾಜಿನ ಆಚೆ ಹೋಗುವುದು ನಿಮಗೆ ಹೆದರಿ ಅಲ್ಲ. ನೀವು ಒಂದು ದಿನ ಬರುವವರು, ನಾವು ದಿನವೂ ಇಲ್ಲೇ ಇರುವವರು, ಅದಕ್ಕಾಗಿ. ಮನೆಗೆ ಹೋಗಿ ಚೆನ್ನಾಗಿ ನೀರು ಕುಡಿಯಿರಿ. ಸಂದೇಹ ಬಂದರೆ ಫೋನ್ ಮಾಡಿ. ಹಾಳೆ ನೋಡಿ ಎಂದು ನಾವು ಹೇಳುವುದಿಲ್ಲ.”

ಕೊನೆಯ ವಾಕ್ಯ ತಮಗೆ ಕಷ್ಟವಾಗಬಹುದು, ಬಲ್ಲೆ.

ನನಗೆ ಪರಿಹಾರ ಬೇಡ, ತಮ್ಮ ವಿಷಾದವೂ ಬೇಡ. ಬೀರುವಿನ ಮೂಲ ಪ್ರತಿಯನ್ನು ಹರಿದುಹಾಕಿ. ಈ ಹಾಳೆಯನ್ನೋ, ಇದಕ್ಕಿಂತ ಚೆನ್ನಾಗಿ ತಾವೇ ಬರೆದದ್ದನ್ನೋ ನಾಳೆಯಿಂದಲೇ ಕೊಡಿ. ಈ ಕೆಲವು ದಿನಗಳಲ್ಲಿ ಸ್ಕ್ಯಾನ್ ಮಾಡಿಸಿಕೊಂಡ ಎಳೆಯ ತಾಯಂದಿರ ಫೋನ್ ನಂಬರು ತಮ್ಮಲ್ಲಿದೆ. ಅವರಲ್ಲಿ ಕೆಲವರಿಗಾದರೂ ಹಾಲು ಇನ್ನೂ ಬತ್ತಿರಲಿಕ್ಕಿಲ್ಲ. ಅವರಿಗೆ ತಾವೇ ಫೋನ್ ಮಾಡಿ ಹೇಳಿ. ಗುಮಾಸ್ತರಿಂದ ಬೇಡ, ‘ತಿಳಿಸಲಾಗಿದೆ’ ಎಂದೂ ಬೇಡ. ತಾವೇ, ತಮ್ಮ ಬಾಯಿಂದ.

ಬೇಗ ಮಾಡಿ. ಹೆಪ್ಪು ಕರಗಿದೆಯೇ ಎಂದು ನೋಡಲು ಮುಂದಿನ ತಿಂಗಳು ಮತ್ತೊಂದು ಸ್ಕ್ಯಾನ್ ಆಗಬೇಕೆಂದು ಡಾಕ್ಟರಮ್ಮ ಚೀಟಿ ಕೊಟ್ಟಿದ್ದಾರೆ. ಅದೇ ಬಾಗಿಲು, ಅದೇ ಫ್ಯಾನು. ಚೀಟಿಯನ್ನು ಮಗಳ ಕೈಗೆ ಕೊಟ್ಟಾಗ ಅವಳು ಮಗುವಿಗೆ ಬಾಟಲಿ ಹಿಡಿದು ಕೂತಿದ್ದಳು. ತಲೆಯೆತ್ತದೆ ಒಂದೇ ಮಾತು ಕೇಳಿದಳು:

“ಈ ಸಲ ಏನು ನಿಲ್ಲಿಸ್ಬೇಕಂತಪ್ಪಾ?”

ಇಂತಿ,
ಮುಚ್ಚಳ ಯಾವಾಗ ತೆಗೆಯಬಹುದು ಎಂದು ಬರೆದು ಹೊಟ್ಟೆ ಹೊರೆಯುವ,
ಒಬ್ಬ ಅಪ್ಪ